ಪಾಲಿಯೆಸ್ಟರ್ ನಾರಿನ ಲೇಸರ್ ತಾಪನ

ಪಾಲಿಯೆಸ್ಟರ್ ನಾರಿನ ಲೇಸರ್ ತಾಪನವು ಕರಗಿಸಿ ನೂತ ಪಾಲಿಯೆಸ್ಟರ್ ಎಳೆಗಳ ಬಲವನ್ನು ಹೆಚ್ಚಿಸಲು ರೂಪಿಸಲಾಗಿರುವ ಒಂದು ತಯಾರಿಕಾ ವಿಧಾನ. ಎಳೆಯು ಅಚ್ಚಿನ ರಂಧ್ರದಿಂದ ಹೊರಬೀಳುವ ಸ್ಥಳದಲ್ಲಿ ಅಥವಾ ಅನಂತರ ಅದನ್ನು ಹಿಗ್ಗಿಸುವ ಹಂತದಲ್ಲಿ, ಅದರ ಕಿರಿದಾದ ಒಂದು ಭಾಗವನ್ನು ಅವಕೆಂಪು ಲೇಸರ್ ಕಿರಣದಿಂದ ಅತ್ಯಲ್ಪ ಕಾಲ ಕಾಯಿಸಲಾಗುತ್ತದೆ. ಇದಕ್ಕೆ ಹೆಚ್ಚಾಗಿ ಬಳಕೆಯಾಗುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ರಾಸಾಯನಿಕ ರಚನೆಯನ್ನು ಬದಲಿಸದೆ, ದ್ರಾವಕಗಳನ್ನು ಬಳಸದೆ, ಕೇವಲ ಉಷ್ಣವನ್ನು ಒದಗಿಸುವ ಸ್ಥಳ ಮತ್ತು ವೇಗವನ್ನು ನಿಯಂತ್ರಿಸುವ ಮೂಲಕ ನಾರಿನ ಒಳರಚನೆಯನ್ನು ಸುಧಾರಿಸುವುದು ಈ ವಿಧಾನದ ತಿರುಳು. ಜಪಾನ್ ಮತ್ತು ದಕ್ಷಿಣ ಕೊರಿಯಾಗಳಲ್ಲಿ ಈ ಕುರಿತು ವಿಸ್ತೃತ ಸಂಶೋಧನೆ ನಡೆದಿದೆ.

## ಹಿನ್ನೆಲೆ

ಜವಳಿ ಉದ್ಯಮದಲ್ಲಿ ಪಾಲಿಯೆಸ್ಟರ್ ಎಂದರೆ ಸಾಮಾನ್ಯವಾಗಿ ಪಾಲಿಎಥಿಲೀನ್ ಟೆರೆಥ್ಯಾಲೇಟ್ ಎಂದೇ ಅರ್ಥ. ಟೆರೆಥ್ಯಾಲಿಕ್ ಆಮ್ಲ ಮತ್ತು ಎಥಿಲೀನ್ ಗ್ಲೈಕಾಲ್‌ಗಳು ಸಂಯೋಗಗೊಂಡು ಈ ಪಾಲಿಮರ್ ಉಂಟಾಗುತ್ತದೆ. ಅಮೆರಿಕದ ಡುಪಾಂಟ್ ಸಂಸ್ಥೆಯಲ್ಲಿ ವಾಲೇಸ್ ಕ್ಯಾರದರ್ಸ್ 1930ರ ದಶಕದಲ್ಲಿ ಪಾಲಿಯೆಸ್ಟರ್‌ಗಳನ್ನು ಅಧ್ಯಯನ ಮಾಡಿದ್ದರೂ, ಆತ ತಯಾರಿಸಿದ ವಸ್ತುಗಳು ಕಡಿಮೆ ತಾಪಮಾನದಲ್ಲೇ ಕರಗುತ್ತಿದ್ದುದರಿಂದ ಬಟ್ಟೆಗೆ ಒದಗಲಿಲ್ಲ. 1941ರಲ್ಲಿ ಇಂಗ್ಲೆಂಡಿನ ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್‌ನಲ್ಲಿದ್ದ ಜಾನ್ ರೆಕ್ಸ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಟೆನ್ನಂಟ್ ಡಿಕ್ಸನ್ ಅವರು ಉಂಗುರಾಕಾರದ ಅಣುಘಟಕವುಳ್ಳ ಟೆರೆಥ್ಯಾಲಿಕ್ ಆಮ್ಲವನ್ನು ಬಳಸಿ ಈ ಕೊರತೆಯನ್ನು ನೀಗಿಸಿದರು. ಇದರಿಂದ ತಯಾರಾದ ನಾರು ಬ್ರಿಟನ್ನಿನಲ್ಲಿ ಟೆರಿಲೀನ್ ಎಂದೂ ಅಮೆರಿಕದಲ್ಲಿ ಡೇಕ್ರಾನ್ ಎಂದೂ ಮಾರುಕಟ್ಟೆಗೆ ಬಂದಿತು. ಕನ್ನಡ ನಾಡಿನ ಬಟ್ಟೆ ಅಂಗಡಿಗಳಲ್ಲಿ ಬಳಕೆಯಲ್ಲಿದ್ದ ‘ಟೆರಿಕಾಟ್’, ‘ಟೆರಿವುಲ್’ ಎಂಬ ಮಾತುಗಳ ಮೊದಲ ಭಾಗವು ಟೆರಿಲೀನ್ ಎಂಬ ಹೆಸರಿನಿಂದಲೇ ಬಂದುದು.

ಪಾಲಿಯೆಸ್ಟರ್ ಸುಮಾರು 255–265 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸುಮಾರು 70–80 ಡಿಗ್ರಿಗಿಂತ ಕೆಳಗೆ ಅದರ ಅಸ್ಫಟಿಕ ಭಾಗ ಗಾಜಿನಂತೆ ಬಿರುಸಾಗಿರುತ್ತದೆ. ಅದಕ್ಕಿಂತ ಮೇಲೆ ಮೃದುವಾಗಿ, ಹಿಗ್ಗಿಸಲು ಒದಗುತ್ತದೆ. ಇದನ್ನು ಗಾಜಿನ ಸ್ಥಿತ್ಯಂತರ ತಾಪಮಾನ ಎನ್ನುತ್ತಾರೆ. ಹಾಳಾಗದೆ ಕರಗಬಲ್ಲ ಗುಣವೇ ಪಾಲಿಯೆಸ್ಟರ್ ನಾರಿನ ಅಗ್ಗದ ತಯಾರಿಕೆಗೆ ಕಾರಣ. ಹತ್ತಿ, ಮರ ಮತ್ತು ಬಿದಿರಿನಲ್ಲಿರುವ ಸೆಲ್ಯುಲೋಸ್ ಹೀಗೆ ಕರಗುವುದಿಲ್ಲ. ಕರಗುವ ಮೊದಲೇ ವಿಘಟನೆಗೊಳ್ಳುತ್ತದೆ. ಆದ್ದರಿಂದಲೇ ವಿಸ್ಕೋಸ್ ರೇಯಾನ್‌ನಂತಹ ಸೆಲ್ಯುಲೋಸ್ ನಾರುಗಳನ್ನು ತಯಾರಿಸುವಾಗ ಮರದ ತಿರುಳನ್ನು ರಾಸಾಯನಿಕಗಳಲ್ಲಿ ದ್ರಾವಣವಾಗಿಸಬೇಕಾಗುತ್ತದೆ.

## ಕರಗಿಸಿ ನೂಲುವ ಕ್ರಮ

ಒಣಗಿಸಿದ ಪಾಲಿಯೆಸ್ಟರ್ ಹರಳುಗಳನ್ನು 280–300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಸೂಕ್ಷ್ಮ ರಂಧ್ರಗಳುಳ್ಳ ಲೋಹದ ಬಿಲ್ಲೆಯ ಮೂಲಕ ಒತ್ತಲಾಗುತ್ತದೆ. ಈ ಬಿಲ್ಲೆಗೆ ಸ್ಪಿನ್ನರೆಟ್ ಎಂದು ಹೆಸರು. ಶಾವಿಗೆ ಒರಳಿನಿಂದ ಹಿಟ್ಟು ಇಳಿಯುವಂತೆ ರಂಧ್ರಗಳಿಂದ ಇಳಿಯುವ ದ್ರವಧಾರೆಗಳು ತಂಪು ಗಾಳಿಗೆ ಗಟ್ಟಿಯಾಗುತ್ತವೆ. ಕೆಳಗಿರುವ ಉರುಳೆಗಳು ಅವುಗಳನ್ನು ನಿಮಿಷಕ್ಕೆ ನೂರಾರು ಅಥವಾ ಸಾವಿರಾರು ಮೀಟರ್ ವೇಗದಲ್ಲಿ ಸೆಳೆದುಕೊಳ್ಳುತ್ತವೆ.

ಹೀಗೆ ದೊರೆತ ಎಳೆ ಇನ್ನೂ ದುರ್ಬಲವಾಗಿರುತ್ತದೆ. ಅದನ್ನು ಬೇರೆ ಬೇರೆ ವೇಗದಲ್ಲಿ ತಿರುಗುವ ಬಿಸಿ ಉರುಳೆಗಳ ನಡುವೆ ಹಾಯಿಸಿ ಮೂಲ ಉದ್ದದ ಹಲವು ಪಟ್ಟು ಹಿಗ್ಗಿಸಲಾಗುತ್ತದೆ. ಆಗ ಅಡ್ಡಾದಿಡ್ಡಿಯಾಗಿದ್ದ ಅಣುಸರಪಳಿಗಳು ಎಳೆಯ ಉದ್ದಕ್ಕೆ ಸಾಲುಗೂಡಿ, ಅಲ್ಲಲ್ಲಿ ಒತ್ತಾಗಿ ಜೋಡಣೆಗೊಂಡು ಸ್ಫಟಿಕಗಳಾಗುತ್ತವೆ. ಕೊನೆಯಲ್ಲಿ ಬಿಗಿತದಲ್ಲೇ ಕಾಯಿಸಿ ರಚನೆಯನ್ನು ಸ್ಥಿರಗೊಳಿಸಲಾಗುತ್ತದೆ. ಉಡುಪಿನ ನಾರಾಗಲಿ, ಟೈರಿನೊಳಗಿನ ಹುರಿಯಾಗಲಿ, ಮೂಲಕ್ರಮ ಇದೇ. ಕೈಗಾರಿಕಾ ನಾರಿಗೆ ಹೆಚ್ಚು ಉದ್ದದ ಅಣುಸರಪಳಿಗಳುಳ್ಳ ಪಾಲಿಮರ್ ಮತ್ತು ಹೆಚ್ಚಿನ ಹಿಗ್ಗಿಸುವಿಕೆ ಬೇಕಾಗುತ್ತವೆ.

## ಬಲದ ಸಮಸ್ಯೆ

ಪಾಲಿಯೆಸ್ಟರ್ ಸರಪಳಿಗಳೆಲ್ಲ ನೇರವಾಗಿ ಚಾಚಿಕೊಂಡು ಸಮನಾಗಿ ಹೊರೆ ಹೊತ್ತರೆ ಅವುಗಳ ಬಲ ಎಷ್ಟಿರಬಹುದೆಂದು ಲೆಕ್ಕ ಹಾಕಲಾಗಿದೆ. ಆ ಸೈದ್ಧಾಂತಿಕ ಮೌಲ್ಯಕ್ಕೂ ಕಾರ್ಖಾನೆಯಿಂದ ಹೊರಬರುವ ನಾರಿನ ಬಲಕ್ಕೂ ಇರುವ ಅಂತರ ಬಹಳ ದೊಡ್ಡದು.

| ನಾರು | ಕರ್ಷಣ ಬಲ (ಗಿಗಾಪಾಸ್ಕಲ್, ಸುಮಾರು) | ನೂಲುವ ಕ್ರಮ |
|---|---|---|
| ಉಡುಪಿನ ಪಾಲಿಯೆಸ್ಟರ್ | 0.5–0.6 | ಕರಗಿಸಿ |
| ಕೈಗಾರಿಕಾ ಪಾಲಿಯೆಸ್ಟರ್ | 1.0–1.2 | ಕರಗಿಸಿ |
| ಅರಾಮಿಡ್ (ಕೆವ್ಲಾರ್ ಮೊದಲಾದವು) | 3.0–3.6 | ಆಮ್ಲದ ದ್ರಾವಣದಿಂದ |
| ಅತ್ಯಧಿಕ ಅಣುತೂಕದ ಪಾಲಿಎಥಿಲೀನ್ | 3 | ದ್ರಾವಕದ ಜೆಲ್‌ನಿಂದ |
| ಪಾಲಿಯೆಸ್ಟರ್, ಸೈದ್ಧಾಂತಿಕ ಮಿತಿ | 28 | – |

ಕೈಗಾರಿಕಾ ಪಾಲಿಯೆಸ್ಟರ್ ತನ್ನ ಸೈದ್ಧಾಂತಿಕ ಬಲದ ಸುಮಾರು ಶೇಕಡಾ 4ರಷ್ಟನ್ನು ಮಾತ್ರ ತಲಪಿದೆ. ಬಿರುಸುತನದ ವಿಷಯದಲ್ಲಿ ಅಂತರ ಇಷ್ಟಿಲ್ಲ: ಪಾಲಿಯೆಸ್ಟರ್ ಸ್ಫಟಿಕದ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 110 ಗಿಗಾಪಾಸ್ಕಲ್ ಆಗಿದ್ದು, ಮಾರುಕಟ್ಟೆಯ ನಾರುಗಳಲ್ಲಿ ಅದು 10–20ರ ಆಸುಪಾಸಿನಲ್ಲಿರುತ್ತದೆ. ಬಿರುಸುತನವು ಎಲ್ಲ ಸರಪಳಿಗಳ ಸರಾಸರಿ ವರ್ತನೆಯನ್ನು ಅವಲಂಬಿಸಿದರೆ, ಬಲವು ಅತ್ಯಂತ ದುರ್ಬಲವಾದ ಸ್ಥಳವನ್ನು ಅವಲಂಬಿಸುತ್ತದೆ. ಒಂದು ಕಡೆ ತೆಳುವಾಗಿರುವ ಹಗ್ಗ ಅಲ್ಲಿಯೇ ಹರಿಯುವಂತೆ, ನಾರೂ ತನ್ನ ದೋಷವಿರುವಲ್ಲಿ ಹರಿಯುತ್ತದೆ.

ಈ ದೌರ್ಬಲ್ಯದ ಮೂಲ ಅಣುಸರಪಳಿಗಳ ಸಿಕ್ಕುಗಳಲ್ಲಿದೆ. ಕರಗಿದ ಪಾಲಿಯೆಸ್ಟರಿನಲ್ಲಿ ಉದ್ದನೆಯ ಬಾಗುವ ಸರಪಳಿಗಳು ಒಂದರೊಡನೊಂದು ಹೆಣೆದುಕೊಂಡಿರುತ್ತವೆ. ಹಿಗ್ಗಿಸಿದಾಗ ಸಿಕ್ಕುಗಳ ನಡುವಿನ ಗಿಡ್ಡ ತುಂಡುಗಳು ಬೇಗನೆ ಬಿಗಿಯಾಗುತ್ತವೆ. ಉದ್ದದ ತುಂಡುಗಳು ಇನ್ನೂ ಸಡಿಲವಾಗಿರುತ್ತವೆ. ಹೊರೆಯೆಲ್ಲ ಬಿಗಿಯಾದ ಕೆಲವೇ ಸರಪಳಿಗಳ ಮೇಲೆ ಬಿದ್ದು, ಮೊದಲು ಅವು ತುಂಡಾಗುತ್ತವೆ. ಅನಂತರ ನಾರು ಹರಿಯುತ್ತದೆ. ಸಿಕ್ಕುಗಳು ಸಂಪೂರ್ಣವಾಗಿ ಇಲ್ಲವಾದರೂ ಪ್ರಯೋಜನವಿಲ್ಲ. ಆಗ ಸರಪಳಿಗಳು ಒಂದರ ಮೇಲೊಂದು ಜಾರಿಹೋಗುತ್ತವೆ. ಬೇಕಾಗಿರುವುದು ಸಮನಾಗಿ ಹರಡಿದ, ಹಿಗ್ಗಿಸುವಾಗ ಒಟ್ಟಿಗೆ ಬಿಗಿಯಾಗುವ ಜಾಲ.

ಅರಾಮಿಡ್ ಮತ್ತು ಅತ್ಯಧಿಕ ಅಣುತೂಕದ ಪಾಲಿಎಥಿಲೀನ್ ನಾರುಗಳಲ್ಲಿ ಈ ಸಮಸ್ಯೆಯನ್ನು ಬೇರೆ ಮಾರ್ಗದಿಂದ ಪರಿಹರಿಸಲಾಗಿದೆ. ಅರಾಮಿಡ್‌ನ ಸರಪಳಿಗಳು ಸ್ವಭಾವತಃ ಸೆಟೆದುಕೊಂಡಿರುತ್ತವೆ. ಅದನ್ನು ಸಾಂದ್ರ ಗಂಧಕಾಮ್ಲದಲ್ಲಿ ಕರಗಿಸಿ ನೂಲಲಾಗುತ್ತದೆ. ಪಾಲಿಎಥಿಲೀನ್‌ನಲ್ಲಿ ಹೇರಳ ದ್ರಾವಕದಿಂದ ಸಿಕ್ಕುಗಳನ್ನು ವಿರಳಗೊಳಿಸಲಾಗುತ್ತದೆ. ಎರಡರಲ್ಲಿಯೂ ದ್ರಾವಕವನ್ನು ಮರಳಿ ಪಡೆಯುವ ಖರ್ಚು ಮತ್ತು ತ್ಯಾಜ್ಯದ ಹೊಣೆ ಇದೆ. ಕರಗಿಸಿ ನೂಲುವ ಸರಳ ಕ್ರಮದಲ್ಲಿಯೇ ಪಾಲಿಯೆಸ್ಟರಿನ ಬಲವನ್ನು ಸ್ವಲ್ಪವಾದರೂ ಏರಿಸಲು ಸಾಧ್ಯವಾದರೆ, ಅದೇ ಕೆಲಸಕ್ಕೆ ಕಡಿಮೆ ತೂಕದ ನಾರು ಸಾಕಾಗುತ್ತದೆ. ಲೇಸರ್ ತಾಪನದ ಸಂಶೋಧನೆಗೆ ಇದೇ ಪ್ರೇರಣೆ.

## ಲೇಸರನ್ನೇ ಏಕೆ ಬಳಸಲಾಗುತ್ತದೆ?

ಮೊದಲ ಲೇಸರನ್ನು ಥಿಯೋಡರ್ ಮೇಮನ್ 1960ರಲ್ಲಿ ಮಾಣಿಕ್ಯದ ಹರಳಿನಿಂದ ನಿರ್ಮಿಸಿದರು. ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಜನಿಸಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಕುಮಾರ್ ಪಟೇಲ್. ಇದರ ಕಿರಣದ ಮುಖ್ಯ ತರಂಗಾಂತರ 10.6 ಮೈಕ್ರೋಮೀಟರ್. ಕಣ್ಣಿಗೆ ಕಾಣದ ಈ ಅವಕೆಂಪು ಕಿರಣವನ್ನು ಪಾಲಿಯೆಸ್ಟರಿನ ಅಣುಬಂಧಗಳು ಹೀರಿಕೊಂಡು ಕಂಪಿಸುತ್ತವೆ. ಆ ಕಂಪನವೇ ಉಷ್ಣವಾಗುತ್ತದೆ. ಪಾಲಿಯೆಸ್ಟರ್ ಬಟ್ಟೆಯನ್ನು ಕತ್ತರಿಸಲು ಬಳಸುವ ಲೇಸರ್ ಯಂತ್ರಗಳೂ ಇದೇ ಬಗೆಯವು. ಅಲ್ಲಿ ಕಿರಣವು ಬಟ್ಟೆಯನ್ನು ಕರಗಿಸಿ ಸೀಳುತ್ತದೆ. ಇಲ್ಲಿ ಎಳೆ ಕಡಿಯದಂತೆ ಮಿತವಾಗಿ ಕಾಯಿಸುತ್ತದೆ.

ಬಿಸಿ ಉರುಳೆ, ಬಿಸಿ ಗಾಳಿ ಅಥವಾ ವಿದ್ಯುತ್ ಕುಲುಮೆಯಿಂದ ಕಾಯಿಸುವಾಗ ಉಷ್ಣ ಎಳೆಯ ಹೊರಮೈಯಿಂದ ಒಳಕ್ಕೆ ನಿಧಾನವಾಗಿ ಸಾಗಬೇಕು. ಲೇಸರ್ ತಾಪನದ ಅನುಕೂಲಗಳು ಹೀಗಿವೆ:

* ಸ್ಥಳದ ನಿಖರತೆ: ಕೆಲವೇ ಮಿಲಿಮೀಟರ್ ಅಗಲದ ವಲಯವನ್ನು ಮಾತ್ರ ಕಾಯಿಸಬಹುದು. ಎಳೆ ಎಲ್ಲಿ ಮೃದುವಾಗಬೇಕು, ಎಲ್ಲಿ ತೆಳುವಾಗಬೇಕು ಎಂಬುದು ನಿಶ್ಚಿತವಾಗುತ್ತದೆ.
* ವೇಗ: ಉಷ್ಣವು ಅತ್ಯಲ್ಪ ಕಾಲದಲ್ಲಿ ಎಳೆಗೆ ಸೇರುತ್ತದೆ. ಸುಮಾರು 20 ಮೈಕ್ರೋಮೀಟರ್ ದಪ್ಪದ ಎಳೆಯೊಳಗೆ ತಾಪಮಾನ ಸಮನಾಗಲು ಒಂದು ಮಿಲಿಸೆಕೆಂಡಿನಷ್ಟು ಕಾಲ ಸಾಕು.
* ಸ್ಪರ್ಶವಿಲ್ಲದಿರುವುದು: ಎಳೆಗೆ ಉಜ್ಜುವಿಕೆಯಿಲ್ಲ; ಮೇಲ್ಮೈಯಲ್ಲಿ ಗೀರುಗಳು ಮೂಡುವುದಿಲ್ಲ.
* ಕಡಿಮೆ ವಿಘಟನೆ: ಇಡೀ ದ್ರವವನ್ನು ಹೆಚ್ಚು ತಾಪಮಾನದಲ್ಲಿ ಬಹುಕಾಲ ಇಟ್ಟರೆ ಸರಪಳಿಗಳು ತುಂಡಾಗುತ್ತವೆ. ಲೇಸರ್ ಎಳೆಯನ್ನು ಕ್ಷಣಕಾಲ ಮಾತ್ರ ಕಾಯಿಸುವುದರಿಂದ ಅಣುತೂಕದ ನಷ್ಟ ಕಡಿಮೆ.

## ವಿಧಾನಗಳು

### ಸ್ಪಿನ್ನರೆಟ್‌ನ ಕೆಳಗೆ ತಾಪನ

ಮೊದಲನೆಯ ವಿಧಾನದಲ್ಲಿ ದ್ರವಧಾರೆ ರಂಧ್ರದಿಂದ ಹೊರಬಂದೊಡನೆ ಲೇಸರ್ ಕಿರಣ ಅದರ ಮೇಲೆ ಬೀಳುತ್ತದೆ. ರಂಧ್ರದೊಳಗೆ ಒತ್ತಡದಿಂದ ಹರಿಯುವಾಗ ಸರಪಳಿಗಳು ಅಸಮವಾಗಿ ಎಳೆಯಲ್ಪಟ್ಟಿರುತ್ತವೆ. ಹೊರಬಂದ ಧಾರೆ ರಂಧ್ರಕ್ಕಿಂತ ದಪ್ಪವಾಗಿ ಉಬ್ಬುವುದು ಇದರ ಗುರುತು. ಸಾಮಾನ್ಯ ಕ್ರಮದಲ್ಲಿ ಧಾರೆ ಕೂಡಲೇ ತಣಿಯತೊಡಗುವುದರಿಂದ ಈ ಅಸಮತೆ ಪೂರ್ತಿಯಾಗಿ ಸಡಿಲುವ ಮೊದಲೇ ಗಟ್ಟಿಗೊಳ್ಳುತ್ತದೆ.

ಲೇಸರಿನಿಂದ ಧಾರೆಯ ತಾಪಮಾನ ಏರಿದಾಗ ಅದರ ಸ್ನಿಗ್ಧತೆ ತಗ್ಗುತ್ತದೆ. ಸರಪಳಿಗಳು ಬೇಗನೆ ಸಡಿಲಗೊಂಡು ಹೊಂದಿಕೊಳ್ಳುತ್ತವೆ. ಅನಂತರ ಧಾರೆ ಕಡಿಮೆ ಬಿಗಿತದಲ್ಲಿ, ಹೆಚ್ಚು ಏಕರೂಪವಾಗಿ ತೆಳುವಾಗುತ್ತದೆ. ಹೀಗೆ ದೊರೆತ ಎಳೆಯಲ್ಲಿ ಸರಪಳಿಗಳ ಸಾಲುಗೂಡುವಿಕೆ ಸಾಮಾನ್ಯ ಎಳೆಗಿಂತ ಕಡಿಮೆಯೇ ಇರಬಹುದು. ಮೇಲ್ನೋಟಕ್ಕೆ ಇದು ಹಿನ್ನಡೆಯಂತೆ ಕಂಡರೂ, ಜಾಲವು ಸಮನಾಗಿರುವುದರಿಂದ ಮುಂದಿನ ಹಂತದಲ್ಲಿ ಎಳೆಯನ್ನು ಕಡಿಯದೆ ಹೆಚ್ಚು ಹಿಗ್ಗಿಸಲು ಸಾಧ್ಯವಾಗುತ್ತದೆ. ಬಲ ಹೆಚ್ಚುವುದು ಅಲ್ಲಿ.

ಸ್ಪಿನ್ನರೆಟ್‌ನ ತಾಪಮಾನವನ್ನೇ ಏರಿಸಿ ಈ ಫಲವನ್ನು ಪಡೆಯಲು ಯತ್ನಿಸಬಹುದು. ಆದರೆ ಆಗ ಬಿಲ್ಲೆಯೊಳಗಿನ ದ್ರವವೂ ಕಾದು ವಿಘಟನೆಗೊಳ್ಳುತ್ತದೆ. ಹೊರಬಂದ ಧಾರೆಯನ್ನು ಮಾತ್ರ ಕಾಯಿಸುವುದು ಈ ತೊಡಕನ್ನು ತಪ್ಪಿಸುತ್ತದೆ.

### ಲೇಸರ್ ಹಿಗ್ಗಿಸುವಿಕೆ

ಎರಡನೆಯ ವಿಧಾನದಲ್ಲಿ, ಈಗಾಗಲೇ ಗಟ್ಟಿಯಾದ ಎಳೆಯನ್ನು ನಿಧಾನವಾಗಿ ತಿರುಗುವ ಉರುಳೆಯಿಂದ ಬಿಟ್ಟು, ವೇಗವಾಗಿ ತಿರುಗುವ ಉರುಳೆಯಿಂದ ಸೆಳೆಯಲಾಗುತ್ತದೆ. ನಡುವೆ ಲೇಸರ್ ಕಿರಣ ತಾಗುವ ಸ್ಥಳದಲ್ಲಿ ಎಳೆ ಗಾಜಿನ ಸ್ಥಿತ್ಯಂತರ ತಾಪಮಾನವನ್ನು ದಾಟಿ ಮೃದುವಾಗುತ್ತದೆ. ಅಲ್ಲಿಯೇ ಅದು ಥಟ್ಟನೆ ಸಣಕಲಾಗುತ್ತದೆ. ಸೀಸೆಯ ಕತ್ತಿನಂತೆ ಕಿರಿದಾಗುವ ಈ ಸ್ಥಳಕ್ಕೆ ‘ಕತ್ತು’ ಎಂದೇ ಹೆಸರು.

ಬಿಸಿ ಉರುಳೆಯ ಮೇಲೆ ಕತ್ತು ಹಿಂದೆ ಮುಂದೆ ಸರಿಯುತ್ತಿರುತ್ತದೆ. ಇದರಿಂದ ಎಳೆಯ ದಪ್ಪ ಏರುಪೇರಾಗಿ, ದುರ್ಬಲ ಸ್ಥಳಗಳು ಉಂಟಾಗುತ್ತವೆ. ಲೇಸರ್ ಕಿರಣವು ಕತ್ತನ್ನು ಒಂದೇ ಸ್ಥಳದಲ್ಲಿ ನಿಲ್ಲಿಸುತ್ತದೆ. ಎಳೆ ಕಾಯುವುದೂ ಹಿಗ್ಗುವುದೂ ಬಹುತೇಕ ಒಟ್ಟಿಗೆ ನಡೆಯುವುದರಿಂದ, ಬಿಗಿಯಾದ ಸರಪಳಿಗಳು ಮತ್ತೆ ಸಡಿಲುವುದಕ್ಕೆ ಅಥವಾ ಹಿಗ್ಗುವ ಮೊದಲೇ ಸ್ಫಟಿಕಗಳು ಬೆಳೆಯುವುದಕ್ಕೆ ಅವಕಾಶ ಕಡಿಮೆ.

### ಅತಿಸೂಕ್ಷ್ಮ ಎಳೆಗಳು

ಲೇಸರ್ ತಾಪನವು ಬಲವರ್ಧನೆಗೆ ಮಾತ್ರ ಸೀಮಿತವಲ್ಲ. ಜಪಾನಿನ ಯಮನಾಶಿ ವಿಶ್ವವಿದ್ಯಾಲಯದಲ್ಲಿ ಲೇಸರಿನಿಂದ ಕರಗಿಸಿದ ಎಳೆಯನ್ನು ಶಬ್ದಾತೀತ ವೇಗದ ಗಾಳಿಯಿಂದ ಸೆಳೆದು ನ್ಯಾನೋ ಎಳೆಗಳನ್ನು ತಯಾರಿಸುವ ಕ್ರಮವನ್ನು ರೂಪಿಸಲಾಗಿದೆ. ಇದರಲ್ಲಿಯೂ ದ್ರಾವಕದ ಅಗತ್ಯವಿಲ್ಲ.

## ರಚನೆಯ ಅಧ್ಯಯನ

ಕತ್ತು ಒಂದೇ ಸ್ಥಳದಲ್ಲಿ ನಿಲ್ಲುವುದರಿಂದ ಮೂಲವಿಜ್ಞಾನಕ್ಕೂ ಒಂದು ಅನುಕೂಲವಾಯಿತು. ಎಳೆ ನಿಶ್ಚಿತ ವೇಗದಲ್ಲಿ ಓಡುತ್ತಿರುವಾಗ, ಕತ್ತಿನಿಂದ ಇರುವ ದೂರವೇ ಹಿಗ್ಗಿದ ಅನಂತರದ ಕಾಲವನ್ನು ಸೂಚಿಸುತ್ತದೆ. ಉದಾಹರಣೆಗೆ, ಎಳೆ ಸೆಕೆಂಡಿಗೆ ಎರಡು ಮೀಟರ್ ಓಡುತ್ತಿದ್ದರೆ ಕತ್ತಿನಿಂದ ಎರಡು ಮಿಲಿಮೀಟರ್ ದೂರದ ಬಿಂದುವು ಒಂದು ಮಿಲಿಸೆಕೆಂಡು ಕಳೆದ ಸ್ಥಿತಿಯನ್ನು ತೋರುತ್ತದೆ. ಆ ಬಿಂದುವಿನಲ್ಲಿ ಕ್ಷ-ಕಿರಣವನ್ನು ಹಾಯಿಸಿದರೆ ಕ್ಷಣಾರ್ಧದ ಘಟನೆಯನ್ನು ನಿಂತ ಚಿತ್ರದಂತೆ ಎಷ್ಟು ಹೊತ್ತು ಬೇಕಾದರೂ ಅಳೆಯಬಹುದು.

ಜಪಾನಿನ ಶಿನ್‌ಶು ವಿಶ್ವವಿದ್ಯಾಲಯದ ಸಂಶೋಧಕರು ಹ್ಯೋಗೊ ಪ್ರಾಂತ್ಯದ ‘ಸ್ಪ್ರಿಂಗ್-8’ ಸಿಂಕ್ರೊಟ್ರಾನ್ ಕೇಂದ್ರದ ಪ್ರಬಲ ಕ್ಷ-ಕಿರಣಗಳಿಂದ ಈ ಬಗೆಯ ಪ್ರಯೋಗಗಳನ್ನು ನಡೆಸಿದ್ದಾರೆ. ಹಿಗ್ಗಿದ ಪಾಲಿಯೆಸ್ಟರ್ ನೇರವಾಗಿ ಸ್ಫಟಿಕವಾಗುವುದಿಲ್ಲ, ಮಿಲಿಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಒಂದು ಮಧ್ಯಂತರ ರಚನೆ ಮೂಡಿ ಮರೆಯಾಗುತ್ತದೆ ಎಂಬುದು ಇದರಿಂದ ತಿಳಿದುಬಂದಿತು. ಈ ರಚನೆಯಲ್ಲಿ ಸರಪಳಿಗಳು ಪದರಪದರವಾಗಿ ಜೋಡಣೆಗೊಂಡಿದ್ದು, ಸೂಕ್ಷ್ಮ ತಂತುಗಳ ಆಕಾರ ಪಡೆದಿರುತ್ತವೆ. ಇವೇ ಅನಂತರ ಸ್ಫಟಿಕಗಳಾಗಿ ಬೆಳೆದು ಹೊರೆ ಹೊರುವ ತಂತುಗಳಾಗುತ್ತವೆ. ಕೊನೆಯ ನಾರಿನ ಬಲವು ಈ ಅಲ್ಪಕಾಲದ ರಚನೆಯೊಂದಿಗೆ ಸಂಬಂಧ ಹೊಂದಿರುವುದರಿಂದ, ನಾರಿನ ಗುಣಮಟ್ಟ ಬಹುಮಟ್ಟಿಗೆ ಆ ಮಿಲಿಸೆಕೆಂಡಿನಲ್ಲಿಯೇ ತೀರ್ಮಾನವಾಗುತ್ತದೆ ಎನ್ನಬಹುದು.

## ಶಕ್ತಿಯ ಲೆಕ್ಕ

ಪ್ರಯೋಗಾಲಯದ ಒಂದೇ ಎಳೆಗೂ ಕಾರ್ಖಾನೆಯ ನೂರಾರು ಎಳೆಗಳ ನೂಲಿಗೂ ಬೇಕಾಗುವ ಶಕ್ತಿಯಲ್ಲಿ ಬಹಳ ವ್ಯತ್ಯಾಸವಿದೆ. ನೂಲಿನ ದಪ್ಪವನ್ನು ಡೆನಿಯರ್ ಎಂಬ ಮಾನದಲ್ಲಿ ಹೇಳುವುದುಂಟು. 9,000 ಮೀಟರ್ ಉದ್ದದ ನೂಲಿನ ತೂಕ ಎಷ್ಟು ಗ್ರಾಂ ಇದೆಯೋ ಅದು ಅಷ್ಟು ಡೆನಿಯರ್.

1,000 ಡೆನಿಯರ್‌ನ ನೂಲು ನಿಮಿಷಕ್ಕೆ 3,000 ಮೀಟರ್ ವೇಗದಲ್ಲಿ ಓಡಿದರೆ ನಿಮಿಷಕ್ಕೆ ಸುಮಾರು 333 ಗ್ರಾಂ, ಅಂದರೆ ಸೆಕೆಂಡಿಗೆ ಸುಮಾರು 5.6 ಗ್ರಾಂ ಪಾಲಿಯೆಸ್ಟರ್ ಕಿರಣದ ಮುಂದೆ ಹಾದುಹೋಗುತ್ತದೆ. ಒಂದು ಗ್ರಾಂ ಪಾಲಿಯೆಸ್ಟರಿನ ತಾಪಮಾನವನ್ನು ಒಂದು ಡಿಗ್ರಿ ಏರಿಸಲು ಸುಮಾರು 1.3 ಜೂಲ್ ಶಕ್ತಿ ಬೇಕು. ಆದ್ದರಿಂದ ನೂಲನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಅದು ಹೀರಿಕೊಳ್ಳಬೇಕಾದ ಶಕ್ತಿ ಸುಮಾರು 540 ವಾಟ್. ಕಾರ್ಬನ್ ಡೈಆಕ್ಸೈಡ್ ಲೇಸರ್ ತಾನು ಬಳಸುವ ವಿದ್ಯುತ್ತಿನ ಸುಮಾರು ಹತ್ತರಲ್ಲಿ ಒಂದು ಪಾಲನ್ನು ಮಾತ್ರ ಕಿರಣವಾಗಿ ಹೊರಸೂಸುತ್ತದೆ. ಕಿರಣದ ಸ್ವಲ್ಪ ಭಾಗ ಎಳೆಗಳಿಗೆ ತಾಗದೆ ವ್ಯರ್ಥವಾಗುತ್ತದೆ. ಹೀಗಾಗಿ ಒಂದು ನೂಲಿಗೆ ಐದು ಕಿಲೋವಾಟ್‌ಗೂ ಹೆಚ್ಚು ವಿದ್ಯುತ್ ಬೇಕಾಗಬಹುದು. ಬಲವರ್ಧನೆಯಿಂದ ದೊರೆಯುವ ಲಾಭ ಈ ಖರ್ಚನ್ನು ಮೀರಬೇಕು.

## ಮಿತಿಗಳು

* ನೆರಳು: ಒಂದು ಸ್ಪಿನ್ನರೆಟ್‌ನಲ್ಲಿ ನೂರಾರು ರಂಧ್ರಗಳಿರುತ್ತವೆ. ಮುಂದಿನ ಎಳೆಗಳು ಹಿಂದಿನವುಗಳಿಗೆ ನೆರಳಾಗಿ, ಎಲ್ಲವೂ ಸಮನಾಗಿ ಕಾಯುವುದಿಲ್ಲ. ರಂಧ್ರಗಳ ಜೋಡಣೆಯನ್ನು ಬದಲಿಸಿ, ಹಲವು ದಿಕ್ಕುಗಳಿಂದ ಕಿರಣ ಹಾಯಿಸಿ ಇದನ್ನು ತಗ್ಗಿಸಬೇಕಾಗುತ್ತದೆ.
* ದಪ್ಪ ಎಳೆಗಳು: ದಪ್ಪ ಹತ್ತು ಪಟ್ಟು ಹೆಚ್ಚಿದರೆ ಒಳಗೆ ಉಷ್ಣ ಹರಡಲು ಬೇಕಾಗುವ ಕಾಲ ನೂರು ಪಟ್ಟು ಹೆಚ್ಚುತ್ತದೆ. 200 ಮೈಕ್ರೋಮೀಟರ್ ದಪ್ಪದ ಎಳೆಯಲ್ಲಿ ಹೊರಮೈ ಮತ್ತು ಒಳಭಾಗದ ತಾಪಮಾನಗಳು ಬೇರೆಯಾಗಬಹುದು.
* ಕಂಪನ: ಓಡುತ್ತಿರುವ ಎಳೆ ಅಲುಗಾಡಿ ಕಿರಣದಿಂದ ಆಚೆ ಸರಿದರೆ ಅಲ್ಲೊಂದು ದುರ್ಬಲ ಸ್ಥಳ ಉಳಿಯುತ್ತದೆ.
* ಸುರಕ್ಷತೆ: ಕಿರಣ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿನ ಪಾರದರ್ಶಕ ಪಟಲವನ್ನೂ ಚರ್ಮವನ್ನೂ ಸುಡಬಲ್ಲದು. ಯಂತ್ರವನ್ನು ಮುಚ್ಚಿದ ಆವರಣದಲ್ಲಿಡುವುದೂ ಹೊಗೆಯನ್ನು ಹೊರಹಾಕುವುದೂ ಅಗತ್ಯ.
* ಸೈದ್ಧಾಂತಿಕ ಮಿತಿ: ಸಾಧಿಸಲಾದ ಸುಧಾರಣೆಯ ಅನಂತರವೂ ನಾರಿನ ಬಲ 28 ಗಿಗಾಪಾಸ್ಕಲ್‌ನ ಅಂದಾಜಿನಿಂದ ಬಹಳ ದೂರದಲ್ಲಿದೆ. ಬಾಗುವ ಸರಪಳಿಗಳ ಸಿಕ್ಕು ಸಂಪೂರ್ಣವಾಗಿ ಪರಿಹಾರವಾಗಿಲ್ಲ.

## ಕರ್ನಾಟಕದ ಸಂದರ್ಭ

ಪಾಲಿಯೆಸ್ಟರಿನ ಮುಖ್ಯ ಕಚ್ಚಾವಸ್ತುವಾದ ಶುದ್ಧೀಕೃತ ಟೆರೆಥ್ಯಾಲಿಕ್ ಆಮ್ಲದ ದೊಡ್ಡ ಘಟಕವೊಂದು ಮಂಗಳೂರು ವಿಶೇಷ ಆರ್ಥಿಕ ವಲಯದಲ್ಲಿದೆ. ವರ್ಷಕ್ಕೆ 12.5 ಲಕ್ಷ ಟನ್ ಸಾಮರ್ಥ್ಯದ ಈ ಘಟಕವನ್ನು ಕೇಂದ್ರ ಸರ್ಕಾರದ ಸ್ವಾಮ್ಯದ ಗೇಲ್ ಸಂಸ್ಥೆ 2023ರಲ್ಲಿ ತನ್ನದಾಗಿಸಿಕೊಂಡಿತು. ಹರಿಹರದ ಬಳಿಯ ಕುಮಾರಪಟ್ಟಣದ ಕಾರ್ಖಾನೆಗೆ ‘ಹರಿಹರ ಪಾಲಿಫೈಬರ್ಸ್’ ಎಂಬ ಹೆಸರಿದ್ದರೂ ಅಲ್ಲಿ ತಯಾರಾಗುವುದು ಪಾಲಿಯೆಸ್ಟರ್ ಅಲ್ಲ. ವಿಸ್ಕೋಸ್‌ಗೆ ಬೇಕಾಗುವ ಮರದ ತಿರುಳು.

ನಾರಿಗೆ ಬೇಕಾಗುವ ಬಲ ಒಂದೇ ಬಗೆಯದಲ್ಲ ಎಂಬುದಕ್ಕೆ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಾದ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡಗಳಲ್ಲಿ ಕಾಣುವ ಬಳಕೆಗಳು ಉತ್ತಮ ನಿದರ್ಶನ.

ದಾಂಡೇಲಿ: ಕಾಳಿ ನದಿಯ ದಡದ ಈ ಪಟ್ಟಣ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನಿಂದ ಹೆಸರಾಗಿದೆ. ಕಾಗದದ ಯಂತ್ರದಲ್ಲಿ ಹೆಚ್ಚಿನ ಭಾಗ ನೀರೇ ಆಗಿರುವ ತಿರುಳು ಓಡುತ್ತಿರುವ ಜಾಲರಿಯ ಮೇಲೆ ಬೀಳುತ್ತದೆ. ನೀರು ಬಸಿದು ಹಾಳೆ ಉಳಿಯುತ್ತದೆ. ಹಿಂದೆ ಕಂಚಿನ ತಂತಿಯಿಂದ ಹೆಣೆಯುತ್ತಿದ್ದ ಈ ಜಾಲರಿಗಳನ್ನು ಇಂದು ಕಾಗದ ಉದ್ಯಮದಲ್ಲಿ ಸಾಮಾನ್ಯವಾಗಿ ಪಾಲಿಯೆಸ್ಟರಿನ ದಪ್ಪ ಒಂಟಿ ಎಳೆಗಳಿಂದ ಹೆಣೆಯುತ್ತಾರೆ. ಮರದ ನಾರಿನ ಹಾಳೆ ರೂಪುಗೊಳ್ಳುವುದು ಹೀಗೆ ಕೃತಕ ನಾರಿನ ಮೇಲೆ. ಸದಾ ಬಿಗಿತದಲ್ಲಿ ಓಡುವ ಜಾಲರಿ ಹಿಗ್ಗಬಾರದು. ಆದ್ದರಿಂದ ಇಲ್ಲಿ ಬಿರುಸುತನ ಮುಖ್ಯ. ಹಾಳೆಯನ್ನು ಒಣಗಿಸುವ ವಿಭಾಗದ ಬಿಸಿ ಆವಿಯಲ್ಲಿ ಪಾಲಿಯೆಸ್ಟರ್ ಸರಪಳಿಗಳನ್ನು ನೀರೇ ಕ್ರಮೇಣ ಕತ್ತರಿಸುತ್ತದೆ. ಜಲವಿಚ್ಛೇದನೆ ಎಂಬ ಈ ಕ್ರಿಯೆಗೆ ಲೇಸರ್ ತಾಪನ ಪರಿಹಾರವಲ್ಲ.

ಹಳಿಯಾಳ: ಭತ್ತ, ಕಬ್ಬು, ಹತ್ತಿ ಮತ್ತು ಮೆಕ್ಕೆಜೋಳದ ಈ ಸೀಮೆಯ ಗಿರಣಿಗಳಲ್ಲಿ ಮೋಟಾರಿನಿಂದ ಯಂತ್ರಕ್ಕೆ ಚಲನೆ ಒಯ್ಯುವುದು ರಬ್ಬರ್ ಬೆಲ್ಟ್. ಇಂತಹ ಬೆಲ್ಟ್‌ಗಳಲ್ಲಿ ಹೊರೆ ಹೊರುವುದು ರಬ್ಬರ್ ಅಲ್ಲ, ಅದರೊಳಗೆ ಹುದುಗಿದ ಹುರಿ. ಅದು ಸಾಮಾನ್ಯವಾಗಿ ಪಾಲಿಯೆಸ್ಟರಿನದು. ಲಕ್ಷಾಂತರ ಸಲ ಬಾಗಿ ನೆಟ್ಟಗಾಗುವ ಈ ಹುರಿಗೆ ದಣಿವಿನ ತಾಳಿಕೆ ಬೇಕು. ಏಕರೂಪವಾದ, ದುರ್ಬಲ ಸ್ಥಳಗಳಿಲ್ಲದ ಎಳೆ ಇಲ್ಲಿ ನೇರವಾಗಿ ಪ್ರಯೋಜನಕಾರಿ.

ಜೋಯಿಡಾ: ಸೂಪಾ ಅಣೆಕಟ್ಟಿನ ಕೆಳಗೆ ಗಣೇಶಗುಡಿಯ ಆಸುಪಾಸಿನಲ್ಲಿ ಕಾಳಿ ನದಿಯ ರ‍್ಯಾಫ್ಟಿಂಗ್ ಪ್ರಸಿದ್ಧ. ಗಾಳಿ ತುಂಬಿದ ಇಂತಹ ದೋಣಿಗಳ ಹೊದಿಕೆಯೊಳಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ ಇರುತ್ತದೆ. ಬಂಡೆಗೆ ಬಡಿದಾಗ ಹರಿಯದೆ ಉಳಿಯಲು ಬಲದ ಜೊತೆಗೆ ಹಿಗ್ಗುವ ಗುಣವೂ ಬೇಕು. ಬಲ ಏರಿಸುವ ಯತ್ನದಲ್ಲಿ ಎಳೆಯನ್ನು ಅತಿಯಾಗಿ ಹಿಗ್ಗಿಸಿದರೆ ಈ ಗುಣ ಕುಂದುತ್ತದೆ.

ಮುಂಡಗೋಡ: 1966ರಲ್ಲಿ ಆರಂಭವಾದ ಟಿಬೆಟನ್ ವಸತಿಯಿಂದ ಈ ತಾಲ್ಲೂಕು ಪರಿಚಿತ. ಟಿಬೆಟನ್ ಬೌದ್ಧರು ಗಾಳಿಗೆ ಕಟ್ಟುವ ಪ್ರಾರ್ಥನಾ ಧ್ವಜಗಳು ಹಿಂದೆ ಹತ್ತಿಯವಾಗಿದ್ದು, ಈಗ ಪಾಲಿಯೆಸ್ಟರ್ ಬಟ್ಟೆಯವೂ ವ್ಯಾಪಕವಾಗಿ ದೊರೆಯುತ್ತವೆ. ಬಯಲಲ್ಲಿ ಹಾರುವ ಬಟ್ಟೆಯ ಆಯಸ್ಸನ್ನು ನಿರ್ಧರಿಸುವುದು ಬಿಸಿಲಿನ ನೇರಳಾತೀತ ಕಿರಣ. ಅದು ಸರಪಳಿಗಳನ್ನೇ ತುಂಡರಿಸುವುದರಿಂದ ನಾರಿನ ಆರಂಭಿಕ ಬಲ ಎಷ್ಟೇ ಇದ್ದರೂ ಕಾಲಕ್ರಮದಲ್ಲಿ ಕುಗ್ಗುತ್ತದೆ.

ಲೇಸರ್ ತಾಪನವು ನಾರು ಹುಟ್ಟುವಾಗಿನ ರಚನೆಯನ್ನು ಸುಧಾರಿಸುತ್ತದೆಯೇ ಹೊರತು, ನೀರು, ಬಿಸಿಲು ಮತ್ತು ಸವೆತಗಳಿಂದ ಆಗುವ ಹಾನಿಯನ್ನು ತಡೆಯುವುದಿಲ್ಲ ಎಂಬುದು ಈ ನಾಲ್ಕು ಬಳಕೆಗಳಿಂದ ಸ್ಪಷ್ಟವಾಗುತ್ತದೆ.

## ಪರಿಸರದ ಅಂಶಗಳು

ಬಲ ಹೆಚ್ಚಿದ ನಾರಿನಿಂದ ಟೈರ್, ಬೆಲ್ಟ್, ಹಗ್ಗ, ಸೀಟ್ ಬೆಲ್ಟ್ ಮೊದಲಾದವುಗಳನ್ನು ಕಡಿಮೆ ವಸ್ತುವಿನಿಂದ ತಯಾರಿಸಬಹುದು. ಕೆಲವೆಡೆ ದುಬಾರಿ ಅರಾಮಿಡ್‌ನ ಬದಲಿಗೆ ಪಾಲಿಯೆಸ್ಟರ್ ಬಳಸಲು ಅವಕಾಶವಾದರೆ ದ್ರಾವಕಗಳ ಬಳಕೆಯೂ ತಗ್ಗುತ್ತದೆ. ಪಾಲಿಯೆಸ್ಟರನ್ನು ಮತ್ತೆ ಕರಗಿಸಿ ನೂಲಬಹುದಾದರೂ, ಪ್ರತಿ ಸಲ ಕರಗಿಸುವಾಗಲೂ ಸರಪಳಿಗಳು ಸ್ವಲ್ಪ ಗಿಡ್ಡವಾಗಿ ಬಲ ಕುಂದುತ್ತದೆ. ಕಾಯಿಸುವ ಅವಧಿಯನ್ನು ಮಿತಗೊಳಿಸುವ ವಿಧಾನಗಳಿಗೆ ಈ ದೃಷ್ಟಿಯಿಂದಲೂ ಮಹತ್ವವಿದೆ. ಆದರೆ ನಾರು ಹೆಚ್ಚು ಬಲವುಳ್ಳದ್ದಾದ ಮಾತ್ರಕ್ಕೆ ಮಣ್ಣಿನಲ್ಲಿ ಬೇಗ ಕೊಳೆಯುವುದಿಲ್ಲ. ಉಜ್ಜಿ ಸವೆದಾಗ ಹೊರಬೀಳುವ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳ ಸಮಸ್ಯೆ ಹಾಗೆಯೇ ಉಳಿಯುತ್ತದೆ.

## ಇವನ್ನೂ ನೋಡಿ

* ಪಾಲಿಯೆಸ್ಟರ್
* ಲೇಸರ್
* ಕೃತಕ ನಾರು
* ರೇಯಾನ್
* ನೈಲಾನ್
* ಕೆವ್ಲಾರ್
* ದಾಂಡೇಲಿ
* ಕಾಳಿ ನದಿ